ಮೆಲಿಸಾಂದ್ ಉತ್ತರ ಕೊಟ್ಟಿದ್ದಾಳೆ



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಉಪನ್ಯಾಸದ ವಿಷಯವನ್ನು ‘ಸಂಕೇತವಾದಿ ರಂಗಭೂಮಿಯ ಒಬ್ಬ ನಿಗೂಢ ನಾಯಕಿ’ ಎಂದು ಅಚ್ಚುಮಾಡಿದ್ದಾರೆ. ಅದು ಸಂಘಟಕರ ತಪ್ಪಲ್ಲ, ನೂರು ವರ್ಷಗಳಿಂದ ಎಲ್ಲರೂ ಹಾಗೆಯೇ ಬರೆಯುತ್ತ ಬಂದಿದ್ದಾರೆ. ಮೆಲಿಸಾಂದ್ ಎಂದರೆ ಹಿಡಿತಕ್ಕೆ ಸಿಗದವಳು, ಎಲ್ಲಿಂದ ಬಂದಳೋ ಯಾರಿಗೂ ತಿಳಿಯದು, ನೀರಿನಿಂದ ಎದ್ದುಬಂದ ಮಾಯೆ, ಮಂಜಿನಂಥವಳು. ಈ ಮಾತುಗಳಿಗೆ ನನ್ನದೊಂದು ತಕರಾರಿದೆ. ‘ಪೆಲೆಯಾಸ್ ಮತ್ತು ಮೆಲಿಸಾಂದ್’ ನಾಟಕವನ್ನು ಕೈಯಲ್ಲಿ ಹಿಡಿದು ಓದಿದರೆ, ತನ್ನನ್ನು ಕೇಳಿದ ಬಹುಪಾಲು ಪ್ರಶ್ನೆಗಳಿಗೆ ಆಕೆ ಉತ್ತರ ಕೊಟ್ಟಿದ್ದಾಳೆ. ಕೇಳಿದವರಿಗೆ ಆ ಉತ್ತರ ಒಗ್ಗಲಿಲ್ಲ, ಅಷ್ಟೇ. ಇವತ್ತು ನಾನು ಹೇಳಬೇಕಾಗಿರುವುದು ಈ ಒಂದೇ ಸಂಗತಿಯನ್ನು.

ಹಿನ್ನೆಲೆಯನ್ನು ಚುಟುಕಾಗಿ ಮುಗಿಸುತ್ತೇನೆ. 1886ರಲ್ಲಿ ಜ್ಯಾಂ ಮೊರೆಯಾಸ್ ಪ್ಯಾರಿಸಿನ ‘ಫಿಗಾರೊ’ ಪತ್ರಿಕೆಯಲ್ಲಿ ಸಂಕೇತವಾದದ ಪ್ರಣಾಳಿಕೆಯನ್ನು ಪ್ರಕಟಿಸಿದ. ಕಾವ್ಯದಲ್ಲಿ ಆರಂಭವಾದ ಈ ಚಳವಳಿ ರಂಗಭೂಮಿಗೆ ಬರುವ ಹೊತ್ತಿಗೆ ಅದಕ್ಕೊಬ್ಬ ನಾಟಕಕಾರ ಬೇಕಿತ್ತು. ಬೆಲ್ಜಿಯಮ್ಮಿನ ಘೆಂಟ್ ನಗರದಲ್ಲಿ ಕಾನೂನು ಓದಿ ವಕೀಲನಾಗಿದ್ದ ಮೊರಿಸ್ ಮೇಟರ್‌ಲಿಂಕ್ ಸಿಕ್ಕಿದ. 1889ರಲ್ಲಿ ಆತ ಬರೆದ ‘ರಾಜಕುಮಾರಿ ಮಾಲೆನ್’ ನಾಟಕವನ್ನು ಮರುವರ್ಷ ಒಕ್ತಾವ್ ಮಿರ್ಬೊ ಅದೇ ‘ಫಿಗಾರೊ’ದಲ್ಲಿ ಶೇಕ್ಸ್‌ಪಿಯರನ ಪಕ್ಕಕ್ಕಿಟ್ಟು ಹೊಗಳಿದ. ಇನ್ನೂ ಮೂವತ್ತು ತುಂಬದ ಹುಡುಗ ರಾತ್ರೋರಾತ್ರಿ ಹೆಸರುವಾಸಿಯಾದ. 1892ರಲ್ಲಿ ‘ಪೆಲೆಯಾಸ್ ಮತ್ತು ಮೆಲಿಸಾಂದ್’ ಅಚ್ಚಾಯಿತು. ನೊಬೆಲ್ ಪ್ರಶಸ್ತಿ ಬಂದದ್ದು ಬಹಳ ತಡವಾಗಿ, 1911ರಲ್ಲಿ.

ಕಥೆ ಹಳೆಯ ತ್ರಿಕೋನದ್ದೇ. ಅಣ್ಣ ಗೊಲೊ ಮದುವೆಯಾದ ಮೆಲಿಸಾಂದ್‌ಳನ್ನು ತಮ್ಮ ಪೆಲೆಯಾಸ್ ಪ್ರೀತಿಸುತ್ತಾನೆ, ಅಣ್ಣ ತಮ್ಮನನ್ನು ಕೊಲ್ಲುತ್ತಾನೆ, ಅವಳೂ ಸಾಯುತ್ತಾಳೆ. ಇಷ್ಟರಲ್ಲಿ ಹೊಸತೇನೂ ಇಲ್ಲ. ಹೊಸತು ಇರುವುದು ಮಾತುಕತೆಯ ರೀತಿಯಲ್ಲಿ. ಆದ್ದರಿಂದ ಗೊಲೊ ಮತ್ತು ಮೆಲಿಸಾಂದ್ ಭೇಟಿಯಾಗುವ ದೃಶ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ.

ಗೊಲೊ ಅಲ್‌ಮೋಂದ್ ರಾಜ್ಯದ ಮುದಿ ದೊರೆ ಅರ್ಕೆಲ್‌ನ ಮೊಮ್ಮಗ. ಹೆಂಡತಿ ತೀರಿಕೊಂಡಿದ್ದಾಳೆ, ಇನ್ಯೋಲ್ಡ್ ಎಂಬ ಚಿಕ್ಕ ಮಗನಿದ್ದಾನೆ, ಕೂದಲಲ್ಲಿ ನರೆ ಇಣುಕುತ್ತಿದೆ. ಗಾಯಗೊಂಡ ಕಾಡುಹಂದಿಯ ಬೆನ್ನುಹತ್ತಿ ಕಾಡಿನಲ್ಲಿ ದಾರಿ ತಪ್ಪಿದಾಗ, ನೀರಿನ ಅಂಚಿನಲ್ಲಿ ಅಳುತ್ತ ಕೂತ ಹುಡುಗಿಯೊಬ್ಬಳು ಅವನಿಗೆ ಕಾಣಿಸುತ್ತಾಳೆ. ಹತ್ತಿರ ಹೋದರೆ, ಮುಟ್ಟಬೇಡ, ಮುಟ್ಟಿದರೆ ನೀರಿಗೆ ಹಾರುತ್ತೇನೆ ಎನ್ನುತ್ತಾಳೆ. ನಿನಗೆ ಯಾರಾದರೂ ನೋವು ಮಾಡಿದರೇ ಎಂದು ಕೇಳುತ್ತಾನೆ. ಹೌದು ಎನ್ನುತ್ತಾಳೆ. ಯಾರು? ಎಲ್ಲರೂ. ಏನು ಮಾಡಿದರು? ಅದನ್ನು ಹೇಳಲಾರೆ. ನೀರಿನಡಿಯಲ್ಲಿ ಹೊಳೆಯುತ್ತಿರುವುದೇನು? ಅವನು ಕೊಟ್ಟ ಕಿರೀಟ, ಅಳುವಾಗ ಬಿದ್ದುಹೋಯಿತು. ಎತ್ತಿಕೊಡಲೇ? ಬೇಡ, ಎತ್ತಿದರೆ ಅದರ ಬದಲು ನಾನೇ ನೀರಿಗೆ ಬೀಳುತ್ತೇನೆ.

ಇದರಲ್ಲಿ ನಿಗೂಢವೇನು ಬಂತು? ಕಿರೀಟ ಕೊಟ್ಟವನೊಬ್ಬನ ಮನೆಯಿಂದ ಹಿಂಸೆ ತಾಳಲಾರದೆ ಓಡಿಬಂದ ಹುಡುಗಿ, ಆ ಮನೆಯ ಯಾವ ಗುರುತೂ ತನಗೆ ಬೇಡ ಎನ್ನುತ್ತಿದ್ದಾಳೆ. ನಮ್ಮೂರಿನ ಬಸ್ ನಿಲ್ದಾಣದಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಕೂತ ಹೆಣ್ಣುಮಗಳು ಹೇಳಬಹುದಾದದ್ದೂ ಇಷ್ಟೇ. ಅವಳು ಏನು ನಡೆಯಿತೆಂದು ಬಾಯಿಬಿಡದಿದ್ದರೆ ಅವಳನ್ನು ನಾವು ಜಲಕನ್ಯೆ ಎನ್ನುವುದಿಲ್ಲ.

ಅದೇ ದೃಶ್ಯದಲ್ಲಿ ಇನ್ನೊಂದು ಸಂಗತಿಯಿದೆ, ವಿಮರ್ಶಕರು ಅದನ್ನು ದಾಟಿಕೊಂಡು ಹೋಗುತ್ತಾರೆ. ಮೆಲಿಸಾಂದ್ ಕೂಡ ಪ್ರಶ್ನೆ ಕೇಳುತ್ತಾಳೆ. ನೀನು ಇಲ್ಲಿಗೆ ಯಾಕೆ ಬಂದೆ ಎಂದರೆ ಗೊಲೊನಿಗೇ ಸರಿಯಾಗಿ ತಿಳಿಯದು, ಬೇಟೆಯಾಡುತ್ತಿದ್ದೆ, ದಾರಿ ತಪ್ಪಿತು ಎನ್ನುತ್ತಾನೆ. ದೃಶ್ಯದ ಕೊನೆಗೆ, ಎಲ್ಲಿಗೆ ಹೊರಟೆ ಎಂದು ಕೇಳುತ್ತಾಳೆ. ಗೊತ್ತಿಲ್ಲ, ನಾನೂ ದಾರಿ ತಪ್ಪಿದವನೇ ಎನ್ನುತ್ತಾನೆ. ತಾನು ಎಲ್ಲಿದ್ದೇನೆ, ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದು ತಿಳಿಯದ ಈ ಗಂಡಸನ್ನು ‘ನಿಗೂಢ ನಾಯಕ’ ಎಂದು ಯಾರೂ ಬರೆದದ್ದನ್ನು ನಾನು ಓದಿಲ್ಲ. ಮದುವೆಯಾಗಿ ಆರು ತಿಂಗಳಾದ ಮೇಲೆ ತಮ್ಮನಿಗೆ ಬರೆದ ಕಾಗದದಲ್ಲಿ ಗೊಲೊ, ಮೊದಲ ದಿನ ಗೊತ್ತಿದ್ದದ್ದಕ್ಕಿಂತ ಹೆಚ್ಚೇನೂ ಅವಳ ಬಗ್ಗೆ ತನಗೆ ತಿಳಿದಿಲ್ಲ ಎನ್ನುತ್ತಾನೆ. ವಿಮರ್ಶೆ ಅವನ ಈ ಕಾಗದವನ್ನೇ ಪ್ರಮಾಣವೆಂದು ಹಿಡಿದುಬಿಟ್ಟಿತು.

ಮಂಜು ಎಲ್ಲಿಂದ ಬಂತು ಎಂಬುದಕ್ಕೆ ರಂಗಭೂಮಿಯ ಕಾರಣವೂ ಉಂಟು. 1893ರ ಮೇ 17ರಂದು ಪ್ಯಾರಿಸಿನ ಬೂಫ್-ಪಾರಿಸಿಯಾಂ ರಂಗಮಂದಿರದಲ್ಲಿ ಒಂದೇ ಒಂದು ಮಧ್ಯಾಹ್ನದ ಪ್ರದರ್ಶನವಾಗಿ ಈ ನಾಟಕ ಮೊದಲು ರಂಗಕ್ಕೆ ಬಂತು. ಆಡಿಸಿದವನು ಲುನ್ಯೆ-ಪೊ, ಗೊಲೊನ ಪಾತ್ರವೂ ಅವನದೇ. ಪೆಲೆಯಾಸ್‌ನ ಪಾತ್ರವನ್ನು ಒಬ್ಬ ನಟಿ ವಹಿಸಿದ್ದಳು. ರಂಗದ ಅಂಚಿನ ದೀಪಗಳನ್ನು ತೆಗೆದು ಮೇಲಿನಿಂದ ಮಂದ ಬೆಳಕು ಬಿಟ್ಟಿದ್ದರು. ಪ್ರೇಕ್ಷಕರಿಗೂ ನಟರಿಗೂ ನಡುವೆ ಜಾಳು ಬಟ್ಟೆಯ ಪರದೆಯೊಂದು ತೂಗುತ್ತಿತ್ತು. ಮಾತು ಮಂತ್ರದಂತೆ ಏಕತಾನದ್ದು, ಚಲನೆ ನಿದ್ದೆಯಲ್ಲಿ ನಡೆದಂತೆ. ಆ ಕಾಲದ ಸವಕಲು ಅಭಿನಯಕ್ಕೆ ಇದು ಒಳ್ಳೆಯ ಮದ್ದೇ ಆಗಿತ್ತು. ಆದರೆ ಆ ಪರದೆ ನಾಟಕದ ಪಠ್ಯದಲ್ಲಿ ಇಲ್ಲ. ನೋಡಿದವರು ಅದನ್ನು ಮನೆಗೆ ಕೊಂಡೊಯ್ದು ಮೆಲಿಸಾಂದ್‌ಳ ಮುಖಕ್ಕೆ ಹೊದಿಸಿದರು.

ಇದೇ ಲುನ್ಯೆ-ಪೊನಿಂದ ನಮಗೊಂದು ನಂಟು ಇದೆ. ಅದೇ 1893ರಲ್ಲಿ ಅವನು ಕಟ್ಟಿದ ಲ್ಯೋವ್ರ್ ರಂಗಸಂಸ್ಥೆ 1895ರ ಜನವರಿಯಲ್ಲಿ ಶೂದ್ರಕನ ‘ಮೃಚ್ಛಕಟಿಕ’ವನ್ನು ಆಡಿತು, ಚಿತ್ರಕಾರ ತುಲೂಜ್-ಲೊತ್ರೆಕ್ ಅದರ ರಂಗಸಜ್ಜಿಕೆಗೆ ಕೈಹಾಕಿದ್ದ. ಅದೇ ವರ್ಷದ ಡಿಸೆಂಬರಿನಲ್ಲಿ ‘ಶಾಕುಂತಲ’ವೂ ರಂಗಕ್ಕೆ ಬಂತು. ಎರಡೂವರೆ ವರ್ಷಗಳ ಅಂತರದಲ್ಲಿ ಒಬ್ಬನೇ ನಿರ್ದೇಶಕನ ಮುಂದೆ ನೀರಿಗೆ ಬಿದ್ದ ಎರಡು ಉಂಗುರಗಳು! ಶಕುಂತಲೆಯ ಉಂಗುರ ಅವಳಿಗೆ ತಿಳಿಯದೆ ಜಾರಿತು. ಮೆಲಿಸಾಂದ್ ಗೊಲೊ ಕೊಟ್ಟ ಉಂಗುರವನ್ನು ಕುರುಡರ ಕೊಳದ ಮೇಲೆ ಎಸೆದು ಹಿಡಿದು ಆಟವಾಡುತ್ತಾಳೆ, ಪಕ್ಕದಲ್ಲಿ ಪೆಲೆಯಾಸ್ ಎಚ್ಚರಿಸುತ್ತಲೇ ಇರುತ್ತಾನೆ, ಗಡಿಯಾರ ಮಧ್ಯಾಹ್ನದ ಹನ್ನೆರಡು ಹೊಡೆಯುವಾಗ ಉಂಗುರ ನೀರು ಸೇರುತ್ತದೆ. ಅದೇ ಗಳಿಗೆಯಲ್ಲಿ ಕಾಡಿನಲ್ಲಿ ಗೊಲೊ ಕುದುರೆಯಿಂದ ಬೀಳುತ್ತಾನೆ. ಕಾಳಿದಾಸನಲ್ಲಿ ಮೀನಿನ ಹೊಟ್ಟೆಯಿಂದ ಉಂಗುರ ಮರಳಿ ಬರುತ್ತದೆ, ಇಲ್ಲಿ ಬರುವುದಿಲ್ಲ. ಆದರೂ ಇಬ್ಬರ ಪಾಡು ಒಂದು ಕಡೆ ಕೂಡುತ್ತದೆ. ಶಕುಂತಲೆ ತುಂಬಿದ ಸಭೆಯಲ್ಲಿ ನಿಜವನ್ನೇ ಹೇಳಿದಳು, ಅರಸನಿಗೆ ಅದು ಸಾಲಲಿಲ್ಲ, ಗುರುತಿನ ವಸ್ತು ಬೇಕಾಯಿತು. ಮೆಲಿಸಾಂದ್ ತನಗೆ ಈ ಮನೆಯಲ್ಲಿ ಸುಖವಿಲ್ಲ, ಇಲ್ಲಿದ್ದರೆ ಹೆಚ್ಚು ದಿನ ಬದುಕಲಾರೆ ಎಂದು ಗಂಡನಿಗೆ ಅಳುತ್ತ ಹೇಳುತ್ತಾಳೆ. ಯಾರಿಂದ ತೊಂದರೆ, ಅಜ್ಜನಿಂದಲೇ, ಅಮ್ಮನಿಂದಲೇ, ಪೆಲೆಯಾಸ್‌ನಿಂದಲೇ ಎಂದು ಅವನು ಹೆಸರು ಹುಡುಕುತ್ತಾನೆ. ಯಾರಿಂದಲೂ ಅಲ್ಲ ಎನ್ನುವ ಉತ್ತರ ಅವನಿಗೆ ಬೇಡ. ಸಮಾಧಾನ ಮಾಡಲೆಂದು ಅವಳ ಕೈ ಹಿಡಿದವನ ಕಣ್ಣು ಬರಿಯ ಬೆರಳ ಮೇಲೆ ಬೀಳುತ್ತದೆ. ಅಲ್ಲಿಂದ ಮುಂದೆ ಅವಳ ದುಃಖದ ಮಾತು ಮುಗಿಯಿತು, ಉಂಗುರದ ವಿಚಾರಣೆ ಶುರುವಾಯಿತು.

ಆಗ ಅವಳು ಸುಳ್ಳು ಹೇಳುತ್ತಾಳೆ, ಸಮುದ್ರದ ಗುಹೆಯಲ್ಲಿ ಕಳೆಯಿತು ಎಂದು. ಆ ಸುಳ್ಳಿನ ನೇಯ್ಗೆಯನ್ನು ಗಮನಿಸಿ: ಪುಟ್ಟ ಇನ್ಯೋಲ್ಡ್‌ಗೆ ಚಿಪ್ಪು ಆರಿಸುತ್ತಿದ್ದೆ, ಉಂಗುರ ಜಾರಿತು, ಅಲೆ ಬಂತು, ಎದ್ದು ಬರಬೇಕಾಯಿತು. ಇಷ್ಟು ವಿವರವಾಗಿ ಸುಳ್ಳು ಹೆಣೆಯುವವಳು ಮಂಜಿನ ಮೂರ್ತಿಯಲ್ಲ. ಹಿಂದೊಮ್ಮೆ ಪೆಟ್ಟು ತಿಂದು ಕಲಿತವಳು. ಮುಂದೆ ಪೆಲೆಯಾಸ್ ಕೇಳಿದಾಗ, ನಾನು ಸುಳ್ಳು ಹೇಳುವುದೇ ಇಲ್ಲ, ಹೇಳುವುದು ನಿನ್ನ ಅಣ್ಣನಿಗೆ ಮಾತ್ರ ಎಂದುಬಿಡುತ್ತಾಳೆ. ಇಡೀ ನಾಟಕದಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಂಡ ಮಾತು ಇದು.

ಈಗ ಸಂಗೀತಕ್ಕೆ ಬರೋಣ. ಈ ನಾಟಕವನ್ನು ಒಪೆರಾ ಮಾಡಿದ ಕ್ಲೋದ್ ದೆಬುಸಿ ಮೇಟರ್‌ಲಿಂಕ್‌ಗಿಂತ ಒಂದೇ ವಾರ ದೊಡ್ಡವನು, ಇಬ್ಬರೂ 1862ರ ಆಗಸ್ಟ್‌ನಲ್ಲಿ ಹುಟ್ಟಿದವರು. 1893ರ ಆ ಮಧ್ಯಾಹ್ನದ ಪ್ರದರ್ಶನದಲ್ಲಿ ಅವನಿದ್ದ. ಅದೇ ವರ್ಷ ಘೆಂಟ್‌ಗೆ ಹೋಗಿ ನಾಟಕಕಾರನ ಒಪ್ಪಿಗೆ ಪಡೆದ. ಮೊದಲು ಬರೆದದ್ದು ಪ್ರೇಮ ನಿವೇದನೆ ಮತ್ತು ಕೊಲೆ ಎರಡೂ ಇರುವ ನಾಲ್ಕನೆಯ ಅಂಕದ ಕೊನೆಯ ದೃಶ್ಯ. ಬರೆದು ನೋಡಿದರೆ ವಾಗ್ನರ್‌ನ ದೆವ್ವ ಒಳಗೆ ಕೂತಿದೆ ಎನಿಸಿ ಹರಿದುಹಾಕಿ ಮತ್ತೆ ಆರಂಭಿಸಿದ. ವಾಗ್ನರ್‌ನ ಒಪೆರಾಗಳ ಊರಾದ ಬೈರಾಯ್ಟ್‌ಗೆ ಎರಡು ಸಲ ಹೋಗಿ ಬಂದವನಿಗೆ ಆ ದೆವ್ವ ಚೆನ್ನಾಗಿ ಪರಿಚಿತವಾಗಿತ್ತು.

ದೆಬುಸಿ ಪದ್ಯ ಬರೆಸಲಿಲ್ಲ. ನಾಟಕದ ಗದ್ಯವನ್ನೇ, ಕೆಲವು ದೃಶ್ಯಗಳನ್ನು ಬಿಟ್ಟು, ಸ್ವರಕ್ಕೆ ಹಾಕಿದ. ಹಾಡುವವರು ಬಹುತೇಕ ಮಾತಿನ ಏರಿಳಿತದಲ್ಲೇ ಇರುತ್ತಾರೆ, ಒಬ್ಬರ ಮೇಲೊಬ್ಬರು ದನಿಯೆತ್ತುವುದು ಅಪರೂಪ, ವಾದ್ಯಮೇಳ ಪೂರ್ತಿ ಗುಡುಗುವುದು ಇನ್ನೂ ಅಪರೂಪ. ಬೇರೆ ಒಪೆರಾಗಳಲ್ಲಿ ನಾಯಕಿ ತಾನು ಯಾರೆಂದು ಹೇಳಲು ಒಂದು ದೊಡ್ಡ ಹಾಡು ಇರುತ್ತದೆ. ಇಲ್ಲಿ ಅದಿಲ್ಲ. ಮೂರನೆಯ ಅಂಕದಲ್ಲಿ ಗೋಪುರದ ಕಿಟಕಿಯಲ್ಲಿ ಕೂದಲು ಬಾಚುತ್ತ ಅವಳು ಹಾಡಿಕೊಳ್ಳುವಾಗ ವಾದ್ಯಗಳು ಅವಳನ್ನು ಒಂಟಿಯಾಗಿ ಬಿಟ್ಟು ಸುಮ್ಮನಾಗುತ್ತವೆ. ನಾಲ್ಕನೆಯ ಅಂಕದಲ್ಲಿ ಪೆಲೆಯಾಸ್ ಪ್ರೀತಿಯನ್ನು ಹೇಳಿದಾಗ, ನಾನೂ ಎಂದು ಅವಳು ಉತ್ತರಿಸುವ ಗಳಿಗೆಯಲ್ಲಿ ಮೇಳವಿಡೀ ನಿಂತಿರುತ್ತದೆ, ಸ್ವರ ಕೆಳಗಿನದು, ಹೆಚ್ಚುಕಡಿಮೆ ಪಿಸುಮಾತು. ವಾಗ್ನರ್ ಆಗಿದ್ದರೆ ಅಲ್ಲಿ ಅರ್ಧ ಗಂಟೆಯ ಪ್ರಳಯ ಇರುತ್ತಿತ್ತು. ನನಗೆ ಕಾಣುವಂತೆ ಈ ಮೌನ ರಹಸ್ಯದ ಅಲಂಕಾರವಲ್ಲ. ಅವಳ ಉತ್ತರ ಕಿವಿಗೆ ಬೀಳಲಿ ಎಂದು ದೆಬುಸಿ ಇತರರ ಬಾಯಿ ಮುಚ್ಚಿಸಿದ್ದಾನೆ. ಅಲ್‌ಮೋಂದ್‌ನಲ್ಲಿ ಯಾರೂ ಅವಳಿಗೆ ಮಾಡದ ಉಪಕಾರ ಅದು.

ಹೊರಗಿನ ಜಗಳದ ಕಥೆ ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಮೇಟರ್‌ಲಿಂಕ್ ತನ್ನ ಸಂಗಾತಿ, ಗಾಯಕಿ ಜಾರ್ಜೆತ್ ಲೆಬ್ಲಾಂಗೆ ಮೆಲಿಸಾಂದ್ ಪಾತ್ರ ಸಿಗಬೇಕೆಂದಿದ್ದ. ಒಪೆರಾ-ಕೊಮಿಕ್ ಸಂಸ್ಥೆಯ ಆಲ್ಬರ್ ಕಾರೆ ಮತ್ತು ದೆಬುಸಿ ಅದನ್ನು ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮೇರಿ ಗಾರ್ಡನ್‌ಗೆ ಕೊಟ್ಟರು. ನಾಟಕಕಾರ ಬೆತ್ತ ಹಿಡಿದು ದೆಬುಸಿಯ ಮನೆಗೆ ಹೋದನೆಂದು ಲೆಬ್ಲಾಂ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ಪ್ರಥಮ ಪ್ರದರ್ಶನಕ್ಕೆ ಎರಡು ವಾರ ಇರುವಾಗ ಅವನು ‘ಫಿಗಾರೊ’ಗೆ ಕಾಗದ ಬರೆದು, ಈ ಒಪೆರಾ ಬೇಗನೆ ನೆಲಕಚ್ಚಲಿ ಎಂದು ಬಹಿರಂಗವಾಗಿ ಹಾರೈಸಿದ. ಮೆಲಿಸಾಂದ್ ಯಾರ ಸ್ವತ್ತು ಎಂದು ಇಬ್ಬರು ಗಂಡಸರು ಬೆತ್ತ ಎತ್ತುವವರೆಗೆ ಹೋದರು. ನಾಟಕದೊಳಗಿನ ಅಣ್ಣತಮ್ಮಂದಿರಿಂದ ಯಾರೂ ಪಾಠ ಕಲಿತಂತಿಲ್ಲ.

1902ರ ಏಪ್ರಿಲ್ 28ರ ಅಂತಿಮ ತಾಲೀಮಿನಲ್ಲಿ ಜನ ನಕ್ಕರು, ಗಾರ್ಡನ್‌ರ ಫ್ರೆಂಚ್ ಉಚ್ಚಾರವನ್ನು ಅಣಕಿಸಿದರು. 30ರಂದು ಆಂದ್ರೆ ಮೆಸಾಜೆ ನಿರ್ದೇಶನದ ಮೇಳದೊಂದಿಗೆ ಮೊದಲ ಪ್ರದರ್ಶನವಾಯಿತು, ಕ್ರಮೇಣ ಒಪೆರಾ ಗೆದ್ದಿತು. ಇಂದು ಎಲ್ಲರೂ ಮೆಚ್ಚುವ ದೃಶ್ಯಗಳ ನಡುವಿನ ವಾದ್ಯಭಾಗಗಳು ಉದ್ದವಾದದ್ದು ಯಾವ ದರ್ಶನದಿಂದಲೂ ಅಲ್ಲ. ಸೆಟ್ ಬದಲಾಯಿಸಲು ಹೊತ್ತು ಸಾಲುತ್ತಿಲ್ಲ ಎಂದು ರಂಗದ ಹಿಂದಿನವರು ಕೇಳಿದ್ದರಿಂದ ದೆಬುಸಿ ಅವಸರದಲ್ಲಿ ಬರೆದುಕೊಟ್ಟದ್ದು. ಮೇಟರ್‌ಲಿಂಕ್ 1920ರಲ್ಲಿ ನ್ಯೂಯಾರ್ಕಿನಲ್ಲಿ ಕೊನೆಗೂ ಒಪೆರಾ ನೋಡಿ, ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಅಷ್ಟರಲ್ಲಿ ದೆಬುಸಿ ತೀರಿಕೊಂಡು ಎರಡು ವರ್ಷವಾಗಿತ್ತು.

ನನ್ನ ವಾದದ ಮುಖ್ಯ ಸಾಕ್ಷಿ ನಾಟಕದ ಕೊನೆಯ ಮೂರು ಅಂಕಗಳಲ್ಲಿದೆ. ಮೂರನೆಯದರಲ್ಲಿ ಗೊಲೊ ತನ್ನ ಎಳೆಯ ಮಗನನ್ನು ಹೆಗಲಿಗೇರಿಸಿ ಮೆಲಿಸಾಂದ್‌ಳ ಕೋಣೆಯ ಕಿಟಕಿಯಲ್ಲಿ ಇಣುಕಿಸುತ್ತಾನೆ. ಏನು ಮಾಡುತ್ತಿದ್ದಾರೆ? ಏನೂ ಇಲ್ಲ, ದೀಪ ನೋಡುತ್ತಿದ್ದಾರೆ. ಮಾತಾಡುತ್ತಿದ್ದಾರೆಯೇ? ಇಲ್ಲ. ಹತ್ತಿರ ಬಂದರೇ? ಇಲ್ಲ. ಹುಡುಗ ಕಂಡದ್ದನ್ನೇ ಹೇಳುತ್ತಿದ್ದಾನೆ, ಅಪ್ಪನ ಹಿಡಿತ ಬಿಗಿಯಾಗುತ್ತಿದೆ, ಹುಡುಗ ಹೆದರಿ ಚೀರುತ್ತಾನೆ. ಒಪೆರಾ ಸಾಹಿತ್ಯದಲ್ಲಿ ಇಷ್ಟು ಕ್ರೂರವಾದ ದೃಶ್ಯ ಕಡಿಮೆ. ನಾಲ್ಕನೆಯದರಲ್ಲಿ, ಈ ಕಣ್ಣುಗಳಲ್ಲಿ ಮುಗ್ಧತೆಯಿದೆ ಎಂದು ಅರ್ಕೆಲ್ ಹೇಳಿದ್ದೇ ತಡ ಗೊಲೊ ಅವಳನ್ನು ಜಡೆ ಹಿಡಿದು ಎಳೆದಾಡುತ್ತಾನೆ. ಅಂದೇ ರಾತ್ರಿ ಕೋಟೆಯ ಬಾಗಿಲು ಮುಚ್ಚಿದ ಮೇಲೆ ತಮ್ಮನನ್ನು ಕತ್ತಿಯಿಂದ ಕೊಲ್ಲುತ್ತಾನೆ.

ಐದನೆಯ ಅಂಕದಲ್ಲಿ ಅವಳು ಹಾಸಿಗೆಯಲ್ಲಿದ್ದಾಳೆ, ದಿನ ತುಂಬುವ ಮೊದಲೇ ಹೆಣ್ಣುಮಗುವಾಗಿದೆ. ಆ ರಾತ್ರಿ ಅವಳಿಗಾದ ಗಾಯ ಒಂದು ಹಕ್ಕಿಯೂ ಸಾಯದಷ್ಟು ಸಣ್ಣದು ಎಂದು ವೈದ್ಯನೇ ಹೇಳುತ್ತಾನೆ. ಗೊಲೊ ಉಳಿದವರನ್ನು ಹೊರಗೆ ಕಳಿಸಿ ಕ್ಷಮೆ ಕೇಳುತ್ತಾನೆ, ಕ್ಷಮಿಸುವುದೇನಿದೆ ಎನ್ನುತ್ತಾಳೆ. ಪೆಲೆಯಾಸ್‌ನನ್ನು ಪ್ರೀತಿಸಿದೆಯಾ? ಪ್ರೀತಿಸಿದೆ. ಅವನೆಲ್ಲಿ ಎಂದು ಅವಳೇ ಕೇಳುತ್ತಾಳೆ. ತಪ್ಪು ಮಾಡಿದಿರಾ? ಇಲ್ಲ. ಎರಡು ನೇರ ಪ್ರಶ್ನೆ, ಎರಡು ನೇರ ಉತ್ತರ. ಗೊಲೊನಿಗೆ ಸಾಲದು. ನಿಜ ಹೇಳು, ಸಾಯುವ ಹೊತ್ತಿನಲ್ಲಿ ಸುಳ್ಳಾಡಬೇಡ ಎಂದು ಪೀಡಿಸುತ್ತಾನೆ. ತಾನು ಕುರುಡನಂತೆ ಸಾಯಬೇಕು ಎಂದು ಗೋಳಾಡುತ್ತಾನೆ. ಗೊಲೊ ದುಷ್ಟನಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ದೆಬುಸಿ ತನ್ನ ಅತ್ಯಂತ ಮಿಡಿಯುವ ಸಂಗೀತವನ್ನು ಇವನಿಗೇ ಕೊಟ್ಟಿದ್ದಾನೆ. ನಿಜ ಬೇಕು ಎನ್ನುವವನಿಗೆ ತನ್ನ ಅನುಮಾನಕ್ಕೆ ಹೊಂದುವ ನಿಜವೇ ಬೇಕಾಗಿರುತ್ತದೆ, ಅದರಿಂದ ಅವನೂ ಬೇಯುತ್ತಾನೆ.

ಹಾಗಾದರೆ ಅವಳು ಬಂದದ್ದೆಲ್ಲಿಂದ? ಇದಕ್ಕೆ ಮೇಟರ್‌ಲಿಂಕ್ ಮುಂದೆ ಬೇರೊಂದು ಕಡೆ ಓರೆಯಾಗಿ ಉತ್ತರ ಕೊಟ್ಟಂತಿದೆ. ಪೋಲ್ ದ್ಯುಕಾ ಸಂಗೀತ ಹಾಕಿ, 1907ರಲ್ಲಿ ಒಪೆರಾ-ಕೊಮಿಕ್‌ನಲ್ಲಿ ಲೆಬ್ಲಾಂ ನಾಯಕಿಯಾಗಿ ಹಾಡಿದ ‘ಆರಿಯಾನ್ ಮತ್ತು ನೀಲಿಗಡ್ಡ’ ಎಂಬ ಕೃತಿಯಲ್ಲಿ, ನೀಲಿಗಡ್ಡನ ನೆಲಮಾಳಿಗೆಯಲ್ಲಿ ಸೆರೆಯಿರುವ ಹೆಂಡತಿಯರಿಗೆ ಮೇಟರ್‌ಲಿಂಕ್ ತನ್ನ ಹಳೆಯ ನಾಟಕಗಳ ನಾಯಕಿಯರ ಹೆಸರುಗಳನ್ನೇ ಇಟ್ಟಿದ್ದಾನೆ. ಅವರಲ್ಲಿ ಒಬ್ಬಳು ಉದ್ದ ಕೂದಲಿನ ಮೆಲಿಸಾಂದ್. ಅವಳು ಬರುವಲ್ಲಿ ದ್ಯುಕಾ, ದೆಬುಸಿಯ ಮೆಲಿಸಾಂದ್ ಸ್ವರಗಳನ್ನು ಬೇಕೆಂದೇ ನುಡಿಸುತ್ತಾನೆ. ಕಿರೀಟ ಕೊಟ್ಟವನು ನೀಲಿಗಡ್ಡನೇ ಎಂದು ಎರಡು ಕೃತಿಗಳನ್ನು ಹೊಲಿದುಬಿಡುವ ಆಸೆ ಯಾರಿಗೂ ಆದೀತು. ನಾನು ಅಷ್ಟು ದೂರ ಹೋಗುವುದಿಲ್ಲ, ಆ ಕೃತಿಯಲ್ಲಿ ಹೆಂಡತಿಯರು ಬಾಗಿಲು ತೆರೆದರೂ ಹೊರಡುವುದಿಲ್ಲ, ನಮ್ಮವಳು ಓಡಿಬಂದವಳು. ಆದರೆ ಸೆರೆಮನೆಯಂಥ ಮನೆಗಳ ಪರಿಚಯ ಅವಳಿಗುಂಟು ಎಂದು ಅವಳನ್ನು ಸೃಷ್ಟಿಸಿದವನೇ ತಿಳಿದಿದ್ದ ಎಂಬುದಕ್ಕೆ ಇಷ್ಟು ಸಾಕು.

ಬೇರೆ ಸಂಗೀತಗಾರರ ಬಗ್ಗೆ ಎರಡು ಮಾತು. ಫೊರೆ 1898ರ ಲಂಡನ್ ಪ್ರದರ್ಶನಕ್ಕೆ, ಸಿಬೆಲಿಯಸ್ 1905ರಲ್ಲಿ ಹೆಲ್ಸಿಂಕಿಯ ಪ್ರದರ್ಶನಕ್ಕೆ ನಾಟಕ ಸಂಗೀತ ಬರೆದರು. ಶೋನ್‌ಬರ್ಗ್ ಹಾಡಿಲ್ಲದ ದೊಡ್ಡ ವಾದ್ಯಕಾವ್ಯವನ್ನೇ ಬರೆದ. ಫೊರೆ, ಸಿಬೆಲಿಯಸ್ ಇಬ್ಬರಲ್ಲೂ ಮನಸ್ಸನ್ನು ಹಿಡಿಯುವುದು ಮೆಲಿಸಾಂದ್‌ಳ ಸಾವಿನ ಭಾಗ. ಫೊರೆಯ ಆ ಭಾಗವನ್ನು 1924ರಲ್ಲಿ ಅವನ ಅಂತ್ಯಕ್ರಿಯೆಯಲ್ಲೂ ನುಡಿಸಿದರು. ಸತ್ತ ಮೇಲೆ ಅವಳು ಎಲ್ಲರಿಗೂ ಸುಲಭವಾಗುತ್ತಾಳೆ. 1969ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಪಿಯೆರ್ ಬುಲೆ ಈ ಒಪೆರಾವನ್ನು ಮಂಜಿಲ್ಲದೆ, ಅದರ ಭಯ ಮತ್ತು ಕ್ರೌರ್ಯ ಕೇಳುವಂತೆ ನಡೆಸಿದ ಮೇಲೆ ಹಳೆಯ ಮಬ್ಬು ಸ್ವಲ್ಪ ಸರಿಯಿತು. ಹೊಸದಾಗಿ ಕೇಳುವವರು 1941ರಲ್ಲಿ ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸಿನಲ್ಲಿ ರೊಜೆ ದೆಜೊರ್ಮಿಯೆರ್ ನಿರ್ದೇಶನದಲ್ಲಿ ಧ್ವನಿಮುದ್ರಣವಾದ ಆವೃತ್ತಿಯಿಂದ ಆರಂಭಿಸಿ. ಅದರಲ್ಲಿ ಇರೆನ್ ಜೊಆಶಿಂ ಹಾಡಿದ ಮೆಲಿಸಾಂದ್ ಒಬ್ಬ ಮನುಷ್ಯಳು.

ಕೊನೆಗೆ ನಮ್ಮ ರಂಗಕರ್ಮಿಗಳಲ್ಲಿ ಒಂದು ಕೋರಿಕೆ. ಮೇಟರ್‌ಲಿಂಕ್ ತೀರಿಕೊಂಡದ್ದು 1949ರಲ್ಲಿ, ಭಾರತದಲ್ಲಿ ಈ ನಾಟಕದ ಹಕ್ಕುಸ್ವಾಮ್ಯ ಮುಗಿದಿದೆ, ಯಾರ ಅಪ್ಪಣೆಯೂ ಇಲ್ಲದೆ ಕನ್ನಡಕ್ಕೆ ತರಬಹುದು. ತರುವವರು ದೆಬುಸಿ ಬಿಟ್ಟ ದಾಸಿಯರ ದೃಶ್ಯಗಳನ್ನು ಬಿಡಬೇಡಿ. ನಾಟಕ ತೆರೆಯುವುದೇ ಅವರು ಕೋಟೆಯ ಹೊಸ್ತಿಲು ತೊಳೆಯಲು ಬರುವುದರಿಂದ, ಎಷ್ಟು ನೀರು ಹೊಯ್ದರೂ ಇದು ಶುಚಿಯಾಗದು ಎಂಬ ಮಾತಿನಿಂದ. ಐದನೆಯ ಅಂಕದ ಆರಂಭದಲ್ಲಿ ಕೊಲೆಯ ರಾತ್ರಿಯ ಮರುಬೆಳಗು ಏನು ಕಂಡೆವೆಂದು ಹೇಳುವವರೂ ಅವರೇ. ಗಾಯಗೊಂಡ ಗಂಡಹೆಂಡತಿ ಬಾಗಿಲ ಮುಂದೆ ಬಿದ್ದದ್ದು, ಪೆಲೆಯಾಸ್ ಕೊಳದ ತಳದಲ್ಲಿ ಸಿಕ್ಕಿದ್ದು, ಎಲ್ಲವೂ ಅವರಿಗೆ ಗೊತ್ತು. ಮೆಲಿಸಾಂದ್ ಸಾಯುವಾಗ ಅವರು ಕರೆಯದೆ ಬಂದು ಗೋಡೆಯುದ್ದಕ್ಕೂ ನಿಲ್ಲುತ್ತಾರೆ. ಯಾಕೆ ಬಂದಿರಿ, ಯಾರು ಕರೆದರು ಎಂದು ಗೊಲೊ ಗದರುತ್ತಾನೆ. ಅವರು ಉತ್ತರ ಕೊಡುವುದಿಲ್ಲ. ಅವಳ ಉಸಿರು ನಿಂತದ್ದು ರಾಜಮನೆತನದವರಿಗಿಂತ ಮೊದಲು ಅವರಿಗೇ ತಿಳಿಯುತ್ತದೆ, ಒಟ್ಟಿಗೆ ಮೊಣಕಾಲೂರುತ್ತಾರೆ. ಆ ಪಾತ್ರಗಳಿಗೆ ನಿಮ್ಮ ತಂಡದ ಒಳ್ಳೆಯ ನಟಿಯರನ್ನೇ ಹಾಕಿ, ಜಾಳು ಪರದೆಯನ್ನು ಮಾತ್ರ ಕಟ್ಟಬೇಡಿ.